ಸುದ್ದಿಗೂ ಪಕ್ಷ ಇದ್ದ ಕಾಲ: ಮಾಕುಟ್ಟದ ಆಚೆ, ಈಚೆ

2021ರ ಏಪ್ರಿಲ್ ಮೊದಲ ವಾರ ಕೊಡಗಿನ ವಿರಾಜಪೇಟೆಯಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರ ಸರ್ಟಿಫಿಕೇಟಿನಲ್ಲಿ ಪ್ರಧಾನಿಯ ಫೋಟೊ ಇತ್ತು. ಮಾಕುಟ್ಟದ ಘಾಟಿ ಇಳಿದು ಗಡಿಯ ಕೂಟುಪುಳ ದಾಟಿದರೆ ಸಿಗುವ ಕೇರಳದ ಇರಿಟ್ಟಿಯಲ್ಲಿ ಅದೇ ಲಸಿಕೆ ಹಾಕಿಸಿಕೊಂಡವರ ಸರ್ಟಿಫಿಕೇಟಿನಲ್ಲಿ ಇರಲಿಲ್ಲ. ಕೇರಳದಲ್ಲಿ ಏಪ್ರಿಲ್ 6ಕ್ಕೆ ವಿಧಾನಸಭಾ ಚುನಾವಣೆ. ನೀತಿಸಂಹಿತೆ ಜಾರಿಯಲ್ಲಿರುವ ರಾಜ್ಯಗಳಲ್ಲಿ ಫೋಟೊ ಬಾರದಂತೆ ನೋಡಿಕೊಳ್ಳಿ ಎಂದು ಚುನಾವಣಾ ಆಯೋಗ ಆರೋಗ್ಯ ಸಚಿವಾಲಯಕ್ಕೆ ಬರೆದಿತ್ತು. ಮತದಾನ ಮುಗಿದ ಮೇಲೆ ಫೋಟೊ ವಾಪಸ್ ಬಂತು. ಅದನ್ನು ತೆಗೆಸಿ ಎಂದು ಕೇರಳ ಹೈಕೋರ್ಟಿಗೆ ಹೋದ ಅರ್ಜಿ ಆ ವರ್ಷದ ಡಿಸೆಂಬರ್ 21ರಂದು ವಜಾ ಆಯಿತು, ಜೊತೆಗೆ 1 ಲಕ್ಷ ರೂಪಾಯಿ ದಂಡವೂ ಬಿತ್ತು.

ಕೇರಳದ ಕಣ್ಣೂರು ಜಿಲ್ಲೆಯಲ್ಲಿ ನೆಲೆಸಿ, ನಮ್ಮ ಊರಾದ ಕೊಡಗಿನ ವಾಟ್ಸಾಪ್ ಗ್ರೂಪುಗಳನ್ನೂ ಇಲ್ಲಿನ ಗ್ರೂಪುಗಳನ್ನೂ ಒಟ್ಟೊಟ್ಟಿಗೆ ಓದುವ ನನ್ನಂಥವರಿಗೆ ಕೋವಿಡ್‍ನ ಆ ಎರಡು ವರ್ಷ ಎದ್ದು ಕಂಡದ್ದು ಇದೇ: ಸುದ್ದಿ ಬಂದಾಗ ಎರಡೂ ಕಡೆಯವರು ಮೊದಲು ಕೇಳುತ್ತಿದ್ದದ್ದು ತಂದವರು ಯಾವ ಪಕ್ಷ ಎಂದು. ಓದುಬರಹ ಇಲ್ಲದವರು ಸುಳ್ಳು ನಂಬಿದರು ಎನ್ನುವುದು ಓದಿದವರು ತಮಗೆ ತಾವೇ ಹೇಳಿಕೊಂಡ ಸಮಾಧಾನ. ತೋಟದ ಮಾಲೀಕರು, ನಿವೃತ್ತ ಅಧಿಕಾರಿಗಳು, ಮೇಷ್ಟ್ರುಗಳು ಕಳಿಸಿದಷ್ಟು ಫಾರ್ವರ್ಡುಗಳನ್ನು ತೋಟದ ಕೂಲಿ ಕೆಲಸಗಾರರ ಲೈನ್‌ಮನೆಯವರು ಕಳಿಸಿರಲಿಕ್ಕಿಲ್ಲ.

2021ರ ಆಗಸ್ಟ್ ನೋಡಿ. ದೇಶದಲ್ಲಿ ದಿನಕ್ಕೆ ಪತ್ತೆಯಾಗುತ್ತಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇರಳದವು. ಮಾಕುಟ್ಟ, ಕುಟ್ಟ, ಕರಿಕೆ ಚೆಕ್‌ಪೋಸ್ಟುಗಳಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಕೇಳುತ್ತಿದ್ದರು. ಕೊಡಗಿನ ಗ್ರೂಪುಗಳಲ್ಲಿ ‘ಕೇರಳ ಮಾದರಿಯ ಬಣ್ಣ ಬಯಲು’ ಎಂಬ ಸಂಭ್ರಮ. ಇಲ್ಲಿಯ ಎಡಪಕ್ಷದ ಅಭಿಮಾನಿಗಳದು ಒಂದೇ ಉತ್ತರ: ನಾವು ಪರೀಕ್ಷೆ ಮಾಡುತ್ತೇವೆ, ನೀವು ಮುಚ್ಚಿಡುತ್ತೀರಿ. ಆ ಹೊತ್ತಿಗೆ ಐಸಿಎಂಆರ್‌ನ ರಕ್ತಪರೀಕ್ಷೆ ಸಮೀಕ್ಷೆಯ ಅಂಕಿ ಹೊರಬಿದ್ದಿತ್ತು: ಸೋಂಕಿನಿಂದಲೋ ಲಸಿಕೆಯಿಂದಲೋ ಪ್ರತಿಕಾಯ ಬಂದಿದ್ದವರು ದೇಶದಲ್ಲಿ ಶೇ 67.6, ಕೇರಳದಲ್ಲಿ ಶೇ 44.4. ಎರಡನೇ ಅಲೆಯವರೆಗೆ ಕೇರಳ ಹೆಚ್ಚು ಜನರನ್ನು ಸೋಂಕಿನಿಂದ ದೂರ ಇಟ್ಟಿತ್ತು, ಅದಕ್ಕೇ ಸೋಂಕು ತಗಲಬಹುದಾದವರು ಇಲ್ಲಿ ಹೆಚ್ಚು ಉಳಿದಿದ್ದರು. ಒಂದೇ ಅಂಕಿಯಿಂದ ಹಿಂದಿನ ವರ್ಷಕ್ಕೆ ಹೊಗಳಿಕೆಯೂ ಮುಂದಿನ ತಿಂಗಳಿಗೆ ಎಚ್ಚರಿಕೆಯೂ ಸಿಗುತ್ತಿತ್ತು. ಇಲ್ಲಿಯವರು ಮೊದಲರ್ಧ ಓದಿದರು, ಅಲ್ಲಿಯವರು ಎರಡನೆಯದನ್ನು. ಅಷ್ಟರಲ್ಲಿ ಕೊಡಗೇನೂ ಎದೆ ತಟ್ಟಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಜುಲೈ 5ರಂದು ಕರ್ನಾಟಕದ ಉಳಿದೆಡೆ ನಿರ್ಬಂಧ ಸಡಿಲಿಸಿದಾಗ ಕೊಡಗನ್ನು ಹೊರಗಿಟ್ಟಿದ್ದರು.

ವದಂತಿಯನ್ನು ಸುಮ್ಮನೆ ‘ಸುಳ್ಳು’ ಎಂದುಬಿಟ್ಟರೆ ಕೆಲಸ ಕೆಡುತ್ತದೆ. 2020ರ ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂದು ಹಬ್ಬಿ ಕೋಳಿ ರೇಟು ನೆಲ ಕಚ್ಚಿತಲ್ಲ, ಅದೇ ತಿಂಗಳು ಕೋಳಿಕ್ಕೋಡಿನಲ್ಲೂ ಮೈಸೂರಿನಲ್ಲೂ ಹಕ್ಕಿಜ್ವರ ನಿಜವಾಗಿ ಪತ್ತೆಯಾಗಿ ಕೋಳಿಗಳನ್ನು ಕೊಂದಿದ್ದರು. ಎರಡೂ ಊರಿನ ನಡುವೆ ಕೂತ ಕೊಡಗಿನವರಿಗೆ ಪಿಪಿಇ ತೊಟ್ಟವರು ಕೋಳಿಗಳನ್ನು ಚೀಲಕ್ಕೆ ತುಂಬುವ ವಿಡಿಯೊ ಬಂತು. ವಿಡಿಯೊ ಅಸಲಿ, ಅಡಿಬರಹ ನಕಲಿ. ‘ಕೋಳಿಯಿಂದ ಏನೂ ಆಗುವುದಿಲ್ಲ’ ಎಂದು ಸಚಿವರು ಹೇಳಿದರೆ, ಕಣ್ಣಾರೆ ವಿಡಿಯೊ ನೋಡಿದವರಿಗೆ ಸಚಿವರೇ ಸುಳ್ಳುಗಾರ. ಹೇಳಬೇಕಾದ ಕ್ರಮ ಬೇರೆ ಇತ್ತು: ವಿಡಿಯೊ ಎಲ್ಲಿಯದು, ಅದು ಯಾವ ರೋಗ, ಆ ರೋಗಕ್ಕೂ ಇದಕ್ಕೂ ಏಕೆ ಸಂಬಂಧವಿಲ್ಲ, ಚೆನ್ನಾಗಿ ಬೇಯಿಸಿದ ಕೋಳಿ ಏಕೆ ಸುರಕ್ಷಿತ. ನಾಲ್ಕು ವಾಕ್ಯ ಸಾಕು. ಮೊದಲ ವಾಕ್ಯ ಬಿಟ್ಟು ಕೊನೆಯದನ್ನಷ್ಟೇ ಹೇಳಿದ್ದಕ್ಕೆ ಯಾರೂ ಕಿವಿಗೊಡಲಿಲ್ಲ.

ಲಸಿಕೆಯದೂ ಇದೇ ಪಾಡು. 2021ರ ಜನವರಿ 2ರಂದು ಅಖಿಲೇಶ್ ಯಾದವ್ ಇದು ಬಿಜೆಪಿ ಲಸಿಕೆ, ನಾನು ಹಾಕಿಸಿಕೊಳ್ಳುವುದಿಲ್ಲ ಎಂದರು. ಮರುದಿನವೇ ಕೋವಿಶೀಲ್ಡ್ ಜೊತೆ ಕೋವ್ಯಾಕ್ಸಿನ್‌ಗೂ ಅನುಮತಿ ಸಿಕ್ಕಿತು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಫಲಿತಾಂಶ ಆಗಿನ್ನೂ ಬಂದಿರಲಿಲ್ಲ, ಶೇ 81 ಎಂಬ ಮಧ್ಯಂತರ ಅಂಕಿ ಬಂದದ್ದು ಮಾರ್ಚ್ 3ಕ್ಕೆ. ಅಲ್ಲಿಯವರೆಗೆ ಹಾಕಿಸಿಕೊಂಡವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಔಷಧ ನಿಯಂತ್ರಣದ ಮುಖ್ಯಸ್ಥರು ಮಾತ್ರ ಲಸಿಕೆಗಳು ಶೇ 110 ಸುರಕ್ಷಿತ ಎಂದರು. ನೂರಕ್ಕೆ ನೂರಹತ್ತು ಭಾಷಣದ ಲೆಕ್ಕ, ಆ ಕುರ್ಚಿಯ ಲೆಕ್ಕವಲ್ಲ. ಅಂಕಿ ಎಲ್ಲಿ ಎಂದು ಕೇಳಿದವರು ದೇಶದ್ರೋಹಿಗಳಾದರು. ಅಂಕಿ ಬಂದ ಮೇಲೂ ಒಪ್ಪದವರು ತಮ್ಮನ್ನು ವಿಚಾರವಂತರು ಎಂದುಕೊಂಡರು. ಮೇ ತಿಂಗಳಲ್ಲಿ, ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ನೊಬೆಲ್ ಪಡೆದ ಲ್ಯೂಕ್ ಮಾಂಟನಿಯೇ ಹೇಳಿದರೆಂಬ ಸಂದೇಶ ಓಡಿತು. ಅವರು ಲಸಿಕೆ ವಿರುದ್ಧ ಬೇರೆ ಮಾತು ಆಡಿದ್ದು ನಿಜ, ಎರಡು ವರ್ಷದ ಮಾತು ಆಡಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ.

ಹೊಗಳಿಕೆಯ ಫಾರ್ವರ್ಡನ್ನು ಯಾರೂ ಪರೀಕ್ಷಿಸುವುದಿಲ್ಲ ಎನ್ನುವುದೂ ಗಮನಿಸಬೇಕಾದ್ದು. ಕೊಡಗಿನ ಮೊದಲ ಪ್ರಕರಣ 2020ರ ಮಾರ್ಚ್ 19ರದು. ಆಮೇಲೆ ವಾರಗಟ್ಟಲೆ ಹೊಸ ಪ್ರಕರಣ ಇಲ್ಲದಾಗ, ನರ್ಸಿಂಗ್ ಓದಿ ಐಎಎಸ್ ಆಗಿದ್ದ ಆಗಿನ ಜಿಲ್ಲಾಧಿಕಾರಿ ಆ್ಯನಿಸ್ ಕಣ್ಮಣಿ ಜಾಯ್ ಅವರನ್ನು ಕೊಂಡಾಡುವ ಸಂದೇಶ ಎಲ್ಲೆಡೆ ಹರಿದಾಡಿತು. ಅವರು ಕೆಲಸ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ 4,102 ಚದರ ಕಿ.ಮೀ.ಯಲ್ಲಿ ಸುಮಾರು 5.5 ಲಕ್ಷ ಜನ, ತೋಟದ ನಡುವೆ ಚದುರಿದ ಮನೆಗಳು, ಬಾಗಿಲು ಹಾಕಿದ ಹೋಂಸ್ಟೇಗಳು, ಮುಚ್ಚಿದ ಗಡಿ: ಇವೆಲ್ಲವನ್ನೂ ಬಿಟ್ಟು ಒಬ್ಬರ ಹೆಸರಿಗೆ ಯಶಸ್ಸು ಬರೆದರೆ, ಪ್ರಕರಣ ಏರಿದ ದಿನ ಸೋಲನ್ನೂ ಅದೇ ಹೆಸರಿಗೆ ಬರೆಯಬೇಕಾಗುತ್ತದೆ. ರೋಗ ಯಾಕೆ ಏರಿತು ಎಂದು ಕೇಳುವವರು ಆಗಲೂ ಇರುವುದಿಲ್ಲ.

ಯಾರು ಮಾತಾಡಬೇಕು ಎಂಬುದರಲ್ಲಿ ಎರಡು ರಾಜ್ಯಗಳ ದಾರಿ ಬೇರೆಯಿತ್ತು. ಕರ್ನಾಟಕದಲ್ಲಿ ಆರೋಗ್ಯ ಸಚಿವ ಶ್ರೀರಾಮುಲು ಒಂದು, ವೈದ್ಯಕೀಯ ಶಿಕ್ಷಣ ಸಚಿವ ಸುಧಾಕರ್ ಇನ್ನೊಂದು ಹೇಳಿ ಗೊಂದಲವಾದ ಮೇಲೆ, 2020ರ ಏಪ್ರಿಲ್‌ನಲ್ಲಿ ಮಾಧ್ಯಮದ ಮುಂದೆ ಮಾತಾಡುವ ಹೊಣೆ ಶಿಕ್ಷಣ ಸಚಿವ ಸುರೇಶ್ ಕುಮಾರ್ ಪಾಲಿಗೆ ಬಂತು. ಎರಡು ಖಾತೆ ಒಬ್ಬರ ಕೈಗೆ ಸೇರಲು ಅಕ್ಟೋಬರ್ ಬೇಕಾಯಿತು. ಕೇರಳದಲ್ಲಿ ಸಂಜೆ 6ಕ್ಕೆ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಒಬ್ಬರೇ. ಜೊತೆಗೆ ಆರೋಗ್ಯ ಇಲಾಖೆಯ ಬುಲೆಟಿನ್, ದಿನವೂ ಒಂದೇ ನಮೂನೆಯ ಕೋಷ್ಟಕ. ನಿನ್ನೆಯದರ ಪಕ್ಕ ಇಂದಿನದನ್ನು ಯಾರು ಬೇಕಾದರೂ ಇಟ್ಟು ನೋಡಬಹುದಿತ್ತು. ನನ್ನ ಲೆಕ್ಕದಲ್ಲಿ ಭಾಷಣಕ್ಕಿಂತ ಕೋಷ್ಟಕದ ಬೆಲೆ ದೊಡ್ಡದು.

ಹಾಗೆಂದು ಇಲ್ಲಿಯದನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಸಂಜೆಯ ಪತ್ರಿಕಾಗೋಷ್ಠಿ ಬರಬರುತ್ತಾ ಚುನಾವಣೆಯ ಮುನ್ನುಡಿಯಾಯಿತು. ಬೇರೆ ಕಾಯಿಲೆಯೂ ಇದ್ದು ಸತ್ತವರನ್ನು ಕೋವಿಡ್ ಪಟ್ಟಿಯಿಂದ ಬಿಡುತ್ತಾರೆಂಬ ದೂರು ಮೊದಲಿನಿಂದಲೂ ಇತ್ತು. ಸುಪ್ರೀಂ ಕೋರ್ಟ್ 50,000 ರೂಪಾಯಿ ಪರಿಹಾರಕ್ಕೆ ಒಪ್ಪಿದ ಮೇಲೆ, 2021ರ ಅಕ್ಟೋಬರ್‌ನಿಂದ ಹಳೆಯ ಸಾವುಗಳು ಸಾವಿರಗಟ್ಟಲೆ ಪಟ್ಟಿಗೆ ಸೇರಿದವು. ಅದೇ ತಿಂಗಳು, ವಿಜ್ಞಾನದ ಹೆಸರು ಹೇಳುವ ಸರ್ಕಾರವೇ ಶಾಲಾ ಮಕ್ಕಳಿಗೆ ಹೋಮಿಯೋಪಥಿಯ ಆರ್ಸೆನಿಕಮ್ ಆಲ್ಬಮ್ 30 ಹಂಚಿತು. ಒಂದಕ್ಕೆ ನೂರರಂತೆ 30 ಸಲ ತೆಳುಮಾಡಿದ ಔಷಧ ಅದು, ಹನ್ನೆರಡನೇ ಸಲದ ಹೊತ್ತಿಗೇ ಮೂಲ ವಸ್ತುವಿನ ಒಂದು ಕಣ ಉಳಿದರೆ ಹೆಚ್ಚು. ಕೇಂದ್ರದ ಆಯುಷ್ ಸಚಿವಾಲಯ 2020ರ ಜನವರಿಯಲ್ಲೇ ಶಿಫಾರಸು ಮಾಡಿದಾಗ ನಕ್ಕಿದ್ದವರು ಆಗ ಬಾಯಿ ಬಿಡಲಿಲ್ಲ. ಚಾಮರಾಜನಗರದಲ್ಲಿ 2021ರ ಮೇ 2-3ರಂದು 24 ಜನ ಸತ್ತಾಗ, ಆಮ್ಲಜನಕ ಸಿಗದೆ ಸತ್ತವರು ಮೂವರೇ ಎಂದ ಸಚಿವರ ಮಾತನ್ನು ಸಮರ್ಥಿಸಿದ ಊರಿನ ಗೆಳೆಯರ ಅಭಿಮಾನವೂ ಇದೇ ಜಾತಿಯದು.

ಯಂತ್ರದ ವಿಷಯ ಸ್ವಲ್ಪ. ಐದು ಕೈ ದಾಟಿದ ಸಂದೇಶಕ್ಕೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುತ್ತದೆ. 2020ರ ಏಪ್ರಿಲ್ 7ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಇಂಥ ಫಾರ್ವರ್ಡ್ ಶೇ 70 ಇಳಿಯಿತು ಎಂದು ಕಂಪನಿ ಹೇಳಿಕೊಂಡಿತು. ಆದರೆ ಬರಹವನ್ನು ಕಾಪಿ ಮಾಡಿ ಅಂಟಿಸಿದರೆ ಬಾಣ ಮಾಯ. ಸ್ಕ್ರೀನ್‌ಶಾಟ್‌ಗೂ ಬಾಣವಿಲ್ಲ. ಒಂದು ಫೋನಿನಲ್ಲಿ ಹಾಕಿದ ಆಡಿಯೊವನ್ನು ಇನ್ನೊಂದರಲ್ಲಿ ರೆಕಾರ್ಡ್ ಮಾಡಿದರೆ ಅದು ಹೊಚ್ಚ ಹೊಸದು. ಒಕ್ಕದ, ಅಂದರೆ ಕೊಡವ ಮನೆತನದ, ಗ್ರೂಪಿನಲ್ಲಿ ಬಾಣವಿಲ್ಲದೆ ಬಂದದ್ದು ‘ನಮ್ಮವರೇ ಹೇಳಿದ್ದು’ ಎಂದಾಗುತ್ತದೆ. ಆಡಿಯೊದಲ್ಲಿ ತಾರೀಖು, ಊರು, ಮಾತಾಡುವವರ ಹೆಸರು-ಹುದ್ದೆ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ಮೂರೂ ಇದ್ದರೆ ಆ ಊರಿನ ಆಸ್ಪತ್ರೆಗೋ ಪಂಚಾಯಿತಿಗೋ ಒಂದು ಫೋನ್.

ಕಣ್ಣೂರಿನಲ್ಲಿ ಪ್ರತಿ ವಾರ್ಡಿಗೂ ಒಂದು ಸಮಿತಿ ಇತ್ತು: ಪಂಚಾಯಿತಿ ಸದಸ್ಯ, ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು, ಬೇರೆ ಬೇರೆ ಪಕ್ಷದ ಹುಡುಗರು. ಎಲ್ಲ ಪಕ್ಷದವರೂ ಕೂತಲ್ಲಿ ವದಂತಿ ಅಲ್ಲೇ ಸತ್ತಿತು. ಒಂದೇ ಪಕ್ಷದ ಹಿಡಿತ ಇರುವ ಊರುಗಳಲ್ಲಿ ಸಮಿತಿಯೇ ಪಕ್ಷದ ಶಾಖೆಯಾಯಿತು, ಲಸಿಕೆಯ ಟೋಕನ್ ನಮ್ಮವರಿಗೆ ಮೊದಲು ಎಂಬ ದೂರು ಬಂತು. ಇಲ್ಲಿ ಪಂಚಾಯಿತಿ ಸದಸ್ಯ ಪಕ್ಷದ ಚಿಹ್ನೆಯಲ್ಲೇ ಗೆದ್ದು ಬರುತ್ತಾನೆ, ಅದೇ ಕಾರಣ. ಕರ್ನಾಟಕದ ಗ್ರಾಮ ಪಂಚಾಯಿತಿಗೆ ಕಾನೂನಿನಲ್ಲಿ ಪಕ್ಷವಿಲ್ಲ. ಒಳಗೊಳಗೆ ಯಾರು ಯಾರೆಂದು ಎಲ್ಲರಿಗೂ ಗೊತ್ತು, ಆದರೂ ಚಿಹ್ನೆ ಇಲ್ಲದ ಸದಸ್ಯನಿಗೆ ಎದುರು ಪಾಳಯದ ಮನೆಯ ಜಗಲಿಯಲ್ಲಿ ಕೂತು ಮಾತಾಡುವ ಸಲಿಗೆ ಉಳಿದಿರುತ್ತದೆ. ಕೊಡಗು ಈ ಅನುಕೂಲವನ್ನು ಬಳಸಿಕೊಳ್ಳಲೇ ಇಲ್ಲ. 2020ರಲ್ಲಿ ಪಂಚಾಯಿತಿಗಳ ಅವಧಿ ಮುಗಿದು, ಚುನಾವಣೆ ಮುಂದೆ ಹೋಗಿ, ಡಿಸೆಂಬರ್ 22 ಮತ್ತು 27ರ ಮತದಾನದವರೆಗೆ ಆಡಳಿತಾಧಿಕಾರಿಗಳೇ ಇದ್ದರು. ಬೇಕಾದ ಹೊತ್ತಿಗೆ ಊರಿನವರು ಯಾರೂ ಇರಲಿಲ್ಲ.

ಮುಂದಿನ ಸಲಕ್ಕೆ ಇದೇ ಕೆಲಸದಿಂದ ಶುರು ಮಾಡಬಹುದು. ಪಂಚಾಯಿತಿಯಿಂದ ವಾರಕ್ಕೊಂದು ಹಾಳೆ, ಸಂತೆಯ ದಿನ: ಗೋಣಿಕೊಪ್ಪದಲ್ಲಿ ಭಾನುವಾರ, ಮಡಿಕೇರಿಯಲ್ಲಿ ಶುಕ್ರವಾರ. ಒಂದೇ ಪುಟ. ಈ ವಾರ ಎಷ್ಟು ಪರೀಕ್ಷೆ, ಎಷ್ಟು ಸೋಂಕು, ಎಷ್ಟು ಸಾವು, ಲಸಿಕೆ ಎಲ್ಲಿ, ಯಾವ ಹೊತ್ತಿಗೆ. ಕೆಳಗೆ ‘ಹೋದ ವಾರ ತಪ್ಪಾಗಿ ಕೊಟ್ಟದ್ದು’ ಎಂಬ ಸಾಲು, ತಪ್ಪಿಲ್ಲದಿದ್ದರೆ ‘ಇಲ್ಲ’ ಎಂದು. ಈ ಸಾಲನ್ನು ಬಿಡಲು ಅಧಿಕಾರಿಗಳು ನೂರು ನೆಪ ಹೇಳುತ್ತಾರೆ, ಬಿಡಬಾರದು. ಸಹಿ ಪಿಡಿಒ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದು, ಫೋಟೊ ಯಾರದೂ ಬೇಡ. ಕನ್ನಡದ ಪ್ರತಿ ಪಂಚಾಯಿತಿ ಕಟ್ಟೆಗೆ, ಮಲಯಾಳಂ ಪ್ರತಿ ಸಿದ್ದಾಪುರದ ಕಡೆಗೆ, ಹಿಂದಿಯದು ಅಸ್ಸಾಂನಿಂದ ಬಂದ ಕೆಲಸಗಾರರಿರುವ ಲೈನ್‌ಮನೆಗಳಿಗೆ. ತೋಟದ ರೈಟರ್ (ಗುಮಾಸ್ತ) ಬಟವಾಡೆಯ ದಿನ ಓದಿ ಹೇಳಬೇಕು. ಯರವರ, ಕುರುಬರ ಹಾಡಿಗಳಲ್ಲಿ ಹಾಳೆಯಿಂದ ಪ್ರಯೋಜನ ಕಡಿಮೆ. ಅಲ್ಲಿ ಹಾಡಿಯವಳೇ ಆದ ಅಂಗನವಾಡಿ ಸಹಾಯಕಿ ಮೊದಲು ತಾನು ಲಸಿಕೆ ಹಾಕಿಸಿಕೊಂಡು, ಮಾರನೇ ದಿನ ಜ್ವರ ಬಂತು, ಮೂರನೇ ದಿನ ಇಳಿಯಿತು ಎಂದು ಅವರ ಮಾತಿನಲ್ಲೇ ಹೇಳಬೇಕು. ಜ್ವರದ ವಿಷಯ ಮುಚ್ಚಿಟ್ಟರೆ ಎರಡನೇ ಡೋಸಿಗೆ ಯಾರೂ ಬರುವುದಿಲ್ಲ.

ವಾಟ್ಸಾಪ್ ಇರುವಾಗ ಕಾಗದ ಯಾಕೆ ಎನ್ನುವವರು ಜುಲೈನಲ್ಲಿ ಭಾಗಮಂಡಲದ ಕಡೆ ಹೋಗಿ ನೋಡಲಿ. ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ, ಡೀಸೆಲ್ ಹಾಕುವವರು ಬಾರದಿದ್ದರೆ ಆಮೇಲೆ ನೆಟ್‌ವರ್ಕ್ ಇಲ್ಲ. ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಮಾತ್ರ ಬೇಕು, ಇಲ್ಲದಿದ್ದರೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ.