14 ಇಂಚು ಯಾರ ಅಳತೆ?

ಮೊನ್ನೆ ನಮ್ಮ ಕುದುರೆ ಕೆಂಚಿಯ ಫೋಟೋ ಹಾಕಿದ ಮೇಲೆ ಇನ್‌ಬಾಕ್ಸಿಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ: "ಬೆನ್ನ ಮ್ಯಾಲಿನ ಜೀನಿಗೆ ಎಷ್ಟು ಕೊಟ್ರಿ?" ಒಂದು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಮೊದಲನೇ ಜೀನಿಗೆ 5,200 ರೂಪಾಯಿ ಕೊಟ್ಟೆ, ಈಗ ಅಟ್ಟದ ಮೇಲೆ ಇಲಿಗಳ ಸೇವೆಯಲ್ಲಿದೆ. ಎರಡನೆಯದಕ್ಕೆ ಎಲ್ಲ ಸೇರಿ 8,350. ನಡುವೆ ಎರಡೂವರೆ ತಿಂಗಳು ಜೀನೇ ಇರಲಿಲ್ಲ. ಇಡೀ ವ್ಯವಹಾರದಲ್ಲಿ ನಾನು ಶಾಣ್ಯಾನಂತೆ ನಡೆದುಕೊಂಡದ್ದು ಆ ಎರಡೂವರೆ ತಿಂಗಳು ಮಾತ್ರ.

ಕೆಂಚಿ ಕುರಿಯವರ ತಟ್ಟು. ಕಡಲೆ ಕಿತ್ತ ಮೇಲೆ ನಮ್ಮ ಅಣ್ಣಿಗೇರಿ ಕಡೆ ಹೊಲಗಳಲ್ಲಿ ಕುರಿ ನಿಲ್ಲಿಸಲು ಬರುತ್ತಾರಲ್ಲ, ಅವರ ಹಾಸಿಗೆ, ಪಾತ್ರೆ, ಬಲೆ, ದಾರಿಯಲ್ಲಿ ಹುಟ್ಟಿದ ಮರಿ ಎಲ್ಲವನ್ನೂ ಹೊರುವ ಗಿಡ್ಡ ಕುದುರೆ. ಹೆಗಲ ಹತ್ತಿರ ಎತ್ತರ 48 ಇಂಚು. ಕುದುರೆ ಲೆಕ್ಕದಲ್ಲಿ 12 ಹ್ಯಾಂಡ್, ಒಂದು ಹ್ಯಾಂಡ್ ಅಂದರೆ 4 ಇಂಚು. "ಭೀಮಥಡಿ ತಳಿ ಇರಬೇಕು ನೋಡು, ದಖನ್ನಿನ ಕುರಿಗಾರರು ಹೇರಿಗೆ ಇಟ್ಟುಕೊಳ್ಳೋದು ಅದನ್ನೇ" ಅಂದ ಗೆಳೆಯನೊಬ್ಬ. ಇರಬಹುದು. ನನಗೆ ಮಾತ್ರ, ಮಗಳ ಸವಾರಿಗೆಂದು ಕುರಿಯವರಿಂದ ಅದನ್ನು ತಂದ ದಿನ, ಕಂಡದ್ದು ಅದರ ಪಕ್ಕೆಲುಬು, ಮತ್ತು ಹೆಗಲಿನ ಎರಡೂ ಕಡೆ ಇದ್ದ ಬಿಳಿ ಮಚ್ಚೆ. ಕೆಂಪು ಕೂದಲಿನ ನಡುವೆ ಒಂದೊಂದು ರೂಪಾಯಿಯಷ್ಟಗಲ, ಕಡ್ಡಿ ಹಿಡಿದು ಬರೆದಂತೆ ಸಮ. ಮಗಳು ಅದನ್ನೇ ಮೆಚ್ಚಿದಳು. ಕುರಿಗಾರನ ತಾಯಿ ನಕ್ಕರು. "ಹುಟ್ಟುಮಚ್ಚಿ ಅಲ್ಲವ್ವಾ ಅದು, ಹೇರಿನ ಗುರ್ತು."

ಒಂದೇ ಜಾಗದಲ್ಲಿ ಭಾರ ಒತ್ತಿ ಒತ್ತಿ ಕೂದಲ ಬುಡದ ಬಣ್ಣ ಸತ್ತರೆ, ಆಮೇಲೆ ಹುಟ್ಟುವ ಕೂದಲು ಬಿಳಿಯದೇ. ಗಾಯ ಮಾದು ಹೋಗುತ್ತದೆ, ಬಿಳಿ ಹೋಗುವುದಿಲ್ಲ. ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು? ಅದೇ ರಾತ್ರಿ ಫೋನ್ ಹಿಡಿದು 'ಪೋನಿ ಸ್ಯಾಡಲ್, 14 ಇಂಚು' ಅಂತ ಹುಡುಕಿ ಒಂದನ್ನು ತರಿಸಿದೆ. ಹೊಸದು, ಕರ್ರಗೆ ಮಿಂಚುವ ರೆಕ್ಸಿನ್ನು. ಬೆನ್ನ ಮೇಲೆ ಇಟ್ಟರೆ ಇಡೀ ಊರೇ ನೋಡುವಂತಿತ್ತು. ಪಟ್ಟಿ ಬಿಗಿದ ಕೂಡಲೇ ಕೆಂಚಿ ಕಿವಿ ಹಿಂದಕ್ಕೆ ಮಲಗಿಸಿ, ಕತ್ತು ತಿರುಗಿಸಿ ನನ್ನ ಅಂಗಿ ಕಚ್ಚಿದಳು.

ಇಲ್ಲೇ ಆದದ್ದು ಮೋಸ. ಮಾರಿದವರನ್ನು ಪೂರ್ತಿ ಬೈಯಲೂ ಬರುವುದಿಲ್ಲ. ಜೀನಿನ ಮೇಲೆ ಬರೆದ 14, 15, 17 ಇಂಚು ಎಲ್ಲ ಸವಾರನ ಕುಂಡಿಯ ಅಳತೆ. ಕುದುರೆಯ ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ. ಕುದುರೆಗೆ ಬೇಕಾದದ್ದು ಒಳಗಿನ ಕಟ್ಟಿಗೆ-ಕಬ್ಬಿಣದ ಚೌಕಟ್ಟಿನ ಅಗಲ. ಆ ಚೌಕಟ್ಟಿಗೆ ಟ್ರೀ ಅಂತಾರೆ. ಮಗಳಿಗೆ ಹೇಳಿ ಮಾಡಿಸಿದಂತಿದ್ದ ಆ ಜೀನು ಕೆಂಚಿಯ ದುಂಡು ಬೆನ್ನನ್ನು ಇಕ್ಕಳದ ಹಾಗೆ ಹಿಡಿದಿತ್ತು. ಅದೂ ಸರಿಯಾಗಿ ಬಿಳಿ ಮಚ್ಚೆಯ ಮೇಲೆ.

ನೋಡುತ್ತ ಕಟ್ಟೆಯ ಮೇಲೆ ಕೂತಿದ್ದ ನಮ್ಮಪ್ಪ ಒಂದೇ ಮಾತು ಕೇಳಿದ: "ಲೇ ತಮ್ಮಾ, ನೊಗಾ ಎತ್ತಿನ ಹೆಗಲಿಗೆ ಮಾಡಸ್ತಾರೋ, ಗಳೇ ಹೊಡ್ಯಾಂವನ ಕೈಗೆ ಮಾಡಸ್ತಾರೋ?"

ನಾಚಿಕೆಯಾಯಿತು. ಎತ್ತಿನ ಹೆಗಲು ಬಾತರೆ ಬಡಿಗೇರರ ಮನೆಗೆ ನೊಗ ಹೊತ್ತು ಓಡಿದವನು ನಾನೇ. ಅವರು ಹೆಗಲ ಮೇಲೆ ಕೈಯಾಡಿಸಿ, ಎಲ್ಲಿ ಉಜ್ಜುತ್ತದೋ ಅಲ್ಲಿ ಬಾಚಿಯಿಂದ ಎರಡು ಏಟು ಕೆತ್ತಿ ಕೊಡುತ್ತಿದ್ದರು. ಇಷ್ಟು ಗೊತ್ತಿದ್ದ ನಮಗೆ ಕುದುರೆ ಅಂದ ಕೂಡಲೇ ಮದುವೆ ಮೆರವಣಿಗೆ ಕಣ್ಣ ಮುಂದೆ ಬರುತ್ತದೆ, ಜರಿ, ಗೊಂಡೆ, ಕನ್ನಡಿ. ಅಂಥ ಮದುವೆ ಜೀನೂ ಒಬ್ಬರು ಅಗ್ಗಕ್ಕೆ ಕೊಡುತ್ತೇನೆ ಅಂದಿದ್ದರು. ಒಳಗೆ ಕೈ ಹಾಕಿದರೆ ಗೋಣಿತಟ್ಟು, ಎರಡು ಕಬ್ಬಿಣದ ಪಟ್ಟಿ. ಬಿಟ್ಟು ಬಂದೆ.

ಅಳತೆ ತೆಗೆಯಲು ಖರ್ಚಿಲ್ಲ. ಕರೆಂಟಿನ ದಪ್ಪ ತಂತಿ ಎರಡಡಿ ಸಾಕು. ಕುದುರೆಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಮುಂಗಾಲಿನ ಮೇಲಿನ ಹಲಗೆಯೆಲುಬು ಎಲ್ಲಿ ಮುಗಿಯುತ್ತದೆ ಅಂತ ಬೆರಳಿನಿಂದ ಹುಡುಕಿ, ಅದರಿಂದ ಎರಡು ಬೆರಳು ಹಿಂದೆ ತಂತಿಯನ್ನು ಬೆನ್ನಿಗೆ ಅಡ್ಡ ಒತ್ತಿ ಬಾಗಿಸಬೇಕು. ಆ ಬಾಗನ್ನು ಹಾಗೇ ತೆಗೆದು ಕ್ಯಾಲೆಂಡರಿನ ಹಿಂಬದಿ ಗೆರೆ ಎಳೆಯಬೇಕು. ಬೆನ್ನ ನಡುವೆ ಒಂದು, ಕೊನೆಯ ಪಕ್ಕೆಲುಬಿನ ಹತ್ತಿರ ಇನ್ನೊಂದು. ಕುದುರೆಗೆ 18 ಜೋಡಿ ಪಕ್ಕೆಲುಬು, ಜೀನಿನ ಭಾರ ಹದಿನೆಂಟನೆಯದನ್ನು ದಾಟಿ ಹಿಂದೆ ಹೋಗಬಾರದು. ಅಲ್ಲಿಂದಾಚೆ ಹೊರಲು ಕೆಳಗೆ ಪಕ್ಕೆಲುಬಿನ ಆಸರೆಯಿಲ್ಲ. ಈ ಗೆರೆಗಳಂತೆ ರಟ್ಟು ಕತ್ತರಿಸಿಕೊಂಡರೆ ಯಾವ ಜೀನಿನ ಅಡಿಗೂ ಹಿಡಿದು ನೋಡಬಹುದು, ಕುದುರೆಯನ್ನು ಊರೂರು ತಿರುಗಿಸಬೇಕಿಲ್ಲ.

ಆದರೆ ಅಳತೆ ತೆಗೆದ ಮರುದಿನವೇ ಕೊಳ್ಳಬೇಡಿ. ಬಡಕಲು ಕುದುರೆ ಮೇವು ಕಂಡ ಮೇಲೆ ಬೆನ್ನು ಬದಲಾಗುತ್ತದೆ. ನಾನು ಹತ್ತು ವಾರ ಬಿಟ್ಟು ಅದೇ ಕ್ಯಾಲೆಂಡರ್ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಮತ್ತೆ ಗೆರೆ ಎಳೆದೆ. ಹಳೇ ಗೆರೆಯಿಂದ ಎರಡೂ ಬದಿ ಒಂದೊಂದು ಬೆರಳು ಹೊರಗೆ ಬಂದಿತ್ತು. ಮೊದಲ ಅಳತೆಗೆ ತಂದಿದ್ದರೆ ಅದೂ ಅಟ್ಟ ಸೇರುತ್ತಿತ್ತು.

ಅಲ್ಲಿಯವರೆಗೆ ಮಗಳು ಏನು ಮಾಡಿದಳು? ಮೇಡ್ಲೇರಿ ಕಂಬಳಿಯ ಮೇಲೆ ಕೂತಳು. ನಾಲ್ಕು ಮಡಿಕೆ ಮಾಡಿ, ಬೆನ್ನುಹುರಿಯ ಮೇಲೆ ಬಿಗಿಯಾಗದಂತೆ ಮುಂದುಗಡೆ ಸ್ವಲ್ಪ ಎತ್ತಿ, ಅಗಲ ಪಟ್ಟಿಯಿಂದ ಕಟ್ಟಿ, ನಾನು ಹಗ್ಗ ಹಿಡಿದು ನಡೆಸುವುದು. ರಿಕಾಪು, ಅಂದರೆ ಸವಾರ ಕಾಲಿಡುವ ಬಳೆ, ಇಲ್ಲ. ಇದು ನೆನಪಿರಲಿ: ಒಳಗೆ ಚೌಕಟ್ಟಿಲ್ಲದ ಕಂಬಳಿಗೋ ಮೆತ್ತೆಗೋ ರಿಕಾಪು ತೂಗಿ ಹಾಕಿದರೆ, ಕಾಲೂರಿದಾಗ ಬೀಳುವ ಭಾರವೆಲ್ಲ ಬೆನ್ನಿನ ಒಂದು ಗೆರೆಯ ಮೇಲೆ ಹೋಗುತ್ತದೆ. ನವಲಗುಂದದ ಜಮಖಾನೆ ಹಾಸು ಅಂತ ನಮ್ಮತ್ತೆ ಸಲಹೆ ಕೊಟ್ಟರು. ಅವರ ಮನೆಯದನ್ನು ಕೊಡಿ ಅಂದೆ. ಮಾತು ಅಲ್ಲಿಗೆ ನಿಂತಿತು.

"ಬಿಗಿ ಆದ್ರೇನು, ಅಡಿಗೆ ಇನ್ನೊಂದು ಮೆತ್ತಿ ಹಾಕ್ರಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಬಿಗಿ ಬಳೆಯ ಒಳಗೆ ಬಟ್ಟೆ ತುರುಕಿದರೆ ಕೈಗೆ ಸುಖವಾಗುತ್ತದೆಯೇ?

ತೂಕದ ಮಾತನ್ನು ಬೇಗ ಮುಗಿಸುತ್ತೇನೆ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದಿಂದ ಪಿರ್ರೆಯವರೆಗಿನ ಉದ್ದದಿಂದ ಗುಣಿಸಿ, ಎಲ್ಲ ಸೆಂಟಿಮೀಟರಿನಲ್ಲಿ, 11,880ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಕೆಂಚಿಯದು 138 ಮತ್ತು 125, ಅಂದರೆ 200 ಕಿಲೋ. ಜೀನು, ಸವಾರ ಸೇರಿ ಅದರ ನೂರಕ್ಕೆ 20 ದಾಟಬಾರದು ಅನ್ನುವುದು ರೂಢಿಯ ಲೆಕ್ಕ. ಮಗಳು 31, ಜೀನು 5. ನಾನು 80. ದಯವಿಟ್ಟು "ನೀವೂ ಒಂದು ಫೋಟೋ ಹೊಡಿಸ್ಕೋರಿ" ಅನ್ನಬೇಡಿ.

ಕೊನೆಗೆ ಬೆಳಗಾವಿಯಲ್ಲಿ ಒಬ್ಬರ ಹತ್ತಿರ ಕಾನ್ಪುರದ ಹಳೇ ಚರ್ಮದ ಜೀನು ಸಿಕ್ಕಿತು, 6,500ಕ್ಕೆ. ಬಣ್ಣ ಹೋಗಿತ್ತು, ಒಂದು ಕಡೆ ಹೊಲಿಗೆ ಬಿಚ್ಚಿತ್ತು. ಅದಕ್ಕೆಲ್ಲ ಹೆದರಬೇಕಿಲ್ಲ. ಹೆದರಬೇಕಾದದ್ದು ಮುರಿದ ಟ್ರೀಗೆ, ಅದನ್ನು ನಮ್ಮ ಕಡೆ ಯಾರೂ ಕಟ್ಟಿಕೊಡಲಾರರು. ಮುಂಭಾಗವನ್ನು ತೊಡೆಗೆ ಆನಿಸಿ ಹಿಂಭಾಗವನ್ನು ನಮ್ಮ ಕಡೆ ಎಳೆದರೆ ಸ್ವಲ್ಪ ಬಾಗಬಹುದು, ಕಟಕಟ ಅನ್ನಬಾರದು, ಕೂರುವ ಜಾಗದಲ್ಲಿ ಚರ್ಮ ಸುಕ್ಕು ಬೀಳಬಾರದು. ರಟ್ಟು ಹಿಡಿದೆ, ಕೂತಿತು. ಮನೆಗೆ ತಂದು ಮೆತ್ತೆಯಿಲ್ಲದೆ ಕೆಂಚಿಯ ಮೇಲಿಟ್ಟಾಗ ಹೆಗಲಿಗೂ ಜೀನಿನ ಕಮಾನಿಗೂ ನಡುವೆ ಮೂರು ಬೆರಳು ಹೋಯಿತು. ಕಿವಿ ಅಲ್ಲಾಡಲಿಲ್ಲ. ನನ್ನ ಅಂಗಿಯೂ ಉಳಿಯಿತು.

ಹೊಲಿಗೆಗೆ ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಒಬ್ಬರ ಬಳಿ ಒಯ್ದೆ. ಮೇಣದ ದಾರ, ಎರಡು ಸೂಜಿ, ಎದುರುಬದುರು ಹಾಕುವ ಹೊಲಿಗೆ. ಒಳಗಿನ ಉಣ್ಣೆ ಗಂಟು ಕಟ್ಟಿತ್ತು. ಹತ್ತಿ ತುಂಬೋಣ ಅಂದರು. ಹತ್ತಿ ಬೆವರು ಕುಡಿದು ಗಟ್ಟಿಯಾಗುತ್ತದೆ ಅಂತ ಕುರಿಯವರಿಂದಲೇ ಉಣ್ಣೆ ತಂದು, ತೊಳೆದು, ಹಿಂಜಿ ಕೊಟ್ಟೆ. ಕೆಂಚಿಯ ಹಳೇ ಒಡೆಯರ ಕುರಿಯ ಉಣ್ಣೆ ಈಗ ಕೆಂಚಿಯ ಬೆನ್ನ ಮೇಲಿದೆ. ಕೂಲಿ 900, ಹೊಸ ಹೊಟ್ಟೆಪಟ್ಟಿ 450, ರಿಕಾಪಿನ ಪಟ್ಟಿ 500. ಹೆಲ್ಮೆಟ್ ಈ ಲೆಕ್ಕದಲ್ಲಿಲ್ಲ. ಅದರಲ್ಲಿ ಉಳಿತಾಯದ ಮಾತು ನಮ್ಮ ಮನೆಯಲ್ಲಿ ಏಳದಂತೆ ಹೆಂಡತಿ ನೋಡಿಕೊಂಡಳು.

ಮೊದಲ ದಿನ ಅರ್ಧ ತಾಸು ಓಡಾಡಿಸಿ ಜೀನು ತೆಗೆದಾಗ ಬೆನ್ನಿನ ಎರಡೂ ಬದಿ ಬೆವರಿನ ಎರಡು ಉದ್ದ ಪಟ್ಟಿ, ನಡುವೆ ಬೆನ್ನುಹುರಿಯ ಮೇಲೆ ಒಣ ದಾರಿ. ಹೀಗೇ ಇರಬೇಕು. ಆದರೆ ಎಡಗಡೆ ಪಟ್ಟಿಯೊಳಗೆ ಅಂಗೈಯಗಲ ಒಣಗಿದ ಜಾಗ. ಅಲ್ಲಿ ಜೀನು ತಾಗುತ್ತಲೇ ಇಲ್ಲ, ಇಲ್ಲಾ ವಿಪರೀತ ಒತ್ತುತ್ತಿದೆ. ಕೈ ತೂರಿಸಿ ನೋಡಿದೆ, ಒತ್ತುತ್ತಿತ್ತು. ಉಣ್ಣೆ ಒಂದು ಹಿಡಿ ಹೆಚ್ಚಾಗಿದೆ.

ಫೋಟೋ ತೆಗೆದು ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಫೋಟೋದಾಗ ಏನ್ ತಿಳೀತೈತ್ರಿ ಅಣ್ಣಾರ, ಕಾಲಿಲ್ದ ಚಪ್ಪಲಿ ಹೊಲಿಯಾಕ ಬರ್ತೈತೇನು? ನಾನಽ ಬರ್ತೇನಿ." ಈ ಆದಿತ್ಯವಾರ ಅಣ್ಣಿಗೇರಿ ಬಸ್ಸಿಗೆ ಬರುತ್ತಿದ್ದಾರೆ. ಬಿಸಿ ರೊಟ್ಟಿ, ಎಣ್ಣೆಗಾಯಿ ಊಟ ಹೇಳಿದ್ದೇವೆ. ಅದನ್ನು 8,350ರಲ್ಲಿ ಸೇರಿಸಿಲ್ಲ.