ದೃಷ್ಟಿಯುದ್ಧ

ಊರಿನಿಂದ ತಂದ ಕೋಡುಬಳೆಗಳಲ್ಲಿ ಉಳಿದಿದ್ದ ಕೊನೆಯ ನಾಲ್ಕರಲ್ಲಿ ಒಂದನ್ನು, ಇಂಗ್ಲೆಂಡಿನ ಸ್ಕಾರ್ಬರೋ ಪಟ್ಟಣದ ದಕ್ಷಿಣ ಕೊಲ್ಲಿಯ ಎದುರಿನ ಬೆಂಚಿನಲ್ಲಿ ಕುಳಿತು ಬಾಯಿಗೆ ಒಯ್ಯುತ್ತಿದ್ದಾಗ, ಹಿಂದಿನಿಂದ ಬಂದ ಹೆರಿಂಗ್ ಗಲ್ ಎಂಬ ಕಡಲಹಕ್ಕಿಯೊಂದು ಅದನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು ಹೋಯಿತು. ಬೆರಳಿಗೆ ಗೀರು ಕೂಡ ಆಗಲಿಲ್ಲ; ಅಷ್ಟು ಪಳಗಿದ ಕೆಲಸ. ಮಗಳಿಗೆ ಹೇಳಿದರೆ, "ಬಯಲಲ್ಲಿ ಕೂತು ತಿನ್ನಬೇಡಿ ಅಂತ ಹೇಳಿರಲಿಲ್ಲವಾ ಅಪ್ಪ" ಎಂದು ನನ್ನನ್ನೇ ತಪ್ಪಿತಸ್ಥನನ್ನಾಗಿ ಮಾಡಿದಳು. ತಿಥಿಯ ದಿನ ಎಡೆಯಿಟ್ಟು ಎಷ್ಟು ಕರೆದರೂ ಬಾರದೆ, ಮರದ ಮೇಲೆ ಬಿಗುಮಾನದಿಂದ ಕೂರುವ ನಮ್ಮ ಕಾಗೆಗಳ ಬಗ್ಗೆ ಅಂದು ಮೊದಲ ಬಾರಿಗೆ ಗೌರವ ಹುಟ್ಟಿತು.

ಈ ಹಕ್ಕಿಯ ಮೇಲೆ ಕೈ ಮಾಡುವಂತಿಲ್ಲ. 1981ರ ವನ್ಯಜೀವಿ ಕಾಯ್ದೆ ಅದನ್ನೂ ಅದರ ಗೂಡು ಮೊಟ್ಟೆಗಳನ್ನೂ ಕಾಯುತ್ತದೆ. ಬ್ರಿಟನ್ನಿನಲ್ಲಿ ಸಂತತಿ ಕುಸಿಯುತ್ತಿರುವುದರಿಂದ ಅದು ಕೆಂಪು ಪಟ್ಟಿಯಲ್ಲಿಯೂ ಇದೆ. ಆ ಪಟ್ಟಿ ಮಾಡಿದವರು ಜೂನ್ ತಿಂಗಳಲ್ಲಿ ನಾಲ್ಕು ಗಂಟೆಗೇ ನಮ್ಮ ಚಿಮಣಿಯ ಮೇಲೆ ಸೇರಿ ಕಿರುಚುವವುಗಳನ್ನು ಎಣಿಸಿದಂತೆ ಕಾಣುವುದಿಲ್ಲ. ಗ್ರ್ಯಾಂಡ್ ಹೋಟೆಲಿನ ಗೋಡೆಯಂಚುಗಳಲ್ಲಿ ಗೂಡು ಕಟ್ಟುವ ಕಿಟಿವೇಕ್‌ಗಳೂ ಇದೇ ಕುಟುಂಬದವು; ಆದರೆ ಅವು ತಮ್ಮ ಹೆಸರನ್ನೇ ಕೂಗಿಕೊಳ್ಳುತ್ತ, ಕಡಲಿನ ಮೀನು ತಿಂದುಕೊಂಡು, ಮರಿಗಳು ಹಾರಿದ ಮೇಲೆ ಸಾಗರಕ್ಕೆ ಹೊರಟುಹೋಗುವ ಮರ್ಯಾದಸ್ಥರು. ಈ ಊರಿನ ಮನಸ್ಸೂ ಪ್ರಾಣಿಗಳ ಕಡೆಗೇ. 2022ರ ಡಿಸೆಂಬರ್ ಕೊನೆಯಲ್ಲಿ ಥಾರ್ ಎಂಬ ವಾಲ್ರಸ್ (ಕೋರೆಹಲ್ಲಿನ ದೈತ್ಯ ಕಡಲಪ್ರಾಣಿ) ಬಂದರಿನಲ್ಲಿ ಬಂದು ಮಲಗಿತೆಂದು, ಅದಕ್ಕೆ ಗಾಬರಿಯಾಗಬಾರದೆಂದು, ಹೊಸ ವರ್ಷದ ಬಾಣಬಿರುಸಿನ ಪ್ರದರ್ಶನವನ್ನೇ ರದ್ದು ಮಾಡಿದ ಜನ ಇವರು. ಇವರ ಮುಂದೆ ನನ್ನ ಕೋಡುಬಳೆಯ ದುಃಖ ಎಷ್ಟರದು?

ಹೀಗಿರುವಾಗ, ಎಕ್ಸೆಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಸುದ್ದಿ ಕಣ್ಣಿಗೆ ಬಿತ್ತು. ಕಾರ್ನ್‌ವಾಲ್‌ನ ಕರಾವಳಿಯಲ್ಲಿ ಅವರು ಚಿಪ್ಸ್ ಚೀಲವೊಂದನ್ನು ನೆಲದ ಮೇಲಿಟ್ಟು, ಗಲ್‌ಗಳನ್ನು ಒಮ್ಮೆ ದಿಟ್ಟಿಸಿ ನೋಡಿ, ಒಮ್ಮೆ ಮುಖ ತಿರುಗಿಸಿ ಪರೀಕ್ಷಿಸಿದರಂತೆ; ದಿಟ್ಟಿಸಿದಾಗ ಅವು ಹತ್ತಿರ ಬರಲು ಸರಾಸರಿ 21 ಸೆಕೆಂಡು ಹೆಚ್ಚು ತೆಗೆದುಕೊಂಡವಂತೆ. ಪರೀಕ್ಷೆಗೆ ಹಿಡಿದ 74ರಲ್ಲಿ ಚೀಲದ ಬಳಿ ಬಂದವು 27 ಮಾತ್ರ ಎಂಬುದನ್ನು ಓದಿ, ಕಾರ್ನ್‌ವಾಲ್‌ನ ಗಲ್‌ಗಳನ್ನು ಯಾರೋ ಚೆನ್ನಾಗಿ ಬೆಳೆಸಿದ್ದಾರೆ ಎಂದುಕೊಂಡೆ. ಆದರೂ 21 ಸೆಕೆಂಡು ಸಣ್ಣ ಕಾಲವಲ್ಲ. ಹಲ್ಲು ಗಟ್ಟಿಯಿದ್ದರೆ ಒಂದು ಕೋಡುಬಳೆ ಮುಗಿಯುತ್ತದೆ.

ಮರುದಿನದಿಂದ ಅದೇ ಬೆಂಚಿನಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ದಿಟ್ಟಿಸುವುದಕ್ಕೆ ಕುಳಿತೆ. ನನ್ನ ಕಳ್ಳನ ಗುರುತು ಸುಲಭವಾಗಿತ್ತು: ಎಡಗಾಲು ಸ್ವಲ್ಪ ಕುಂಟು. ಭರತ ಬಾಹುಬಲಿಯರ ದೃಷ್ಟಿಯುದ್ಧದಲ್ಲಿ ಎತ್ತರವಿದ್ದವನು ಗೆದ್ದನೆನ್ನುತ್ತಾರೆ. ಇಲ್ಲಿ ಕುಳಿತ ನನಗಿಂತ ಕಬ್ಬಿಣದ ಕಂಬಿಯ ಮೇಲೆ ನಿಂತ ಅದೇ ಎತ್ತರ, ಹಾಗಾಗಿ ಕತ್ತು ನೋಯಿಸಿಕೊಂಡು ಮೇಲೆ ನೋಡಬೇಕಾದ ಭರತನ ಪಾಡು ನನ್ನದು. ಅದರ ಕಣ್ಣು ತೆಳುಹಳದಿ, ನಟ್ಟನಡುವೆ ಕರಿಯ ಚುಕ್ಕೆ, ಸುತ್ತ ಕಿತ್ತಳೆ ಬಣ್ಣದ ಗೆರೆ. ಸಾಲ ವಸೂಲಿಗೆ ಬಂದವನ ಕಣ್ಣಿನಲ್ಲಾದರೂ ಒಂದಿಷ್ಟು ಸಂಕೋಚವಿರುತ್ತದೆ. ಉತ್ತರ ಸಮುದ್ರದ ಗಾಳಿಗೆ ನೀರೂರಿ ಮೊದಲು ರೆಪ್ಪೆ ಬಡಿಯುತ್ತಿದ್ದವನು ದಿನವೂ ನಾನೇ. ಒಂಬತ್ತು ದಿನ ಹೀಗೆ ನಡೆಯಿತು. ಈ ಒಂಬತ್ತು ದಿನದಲ್ಲಿ ನಾನು ಒಂದೂ ಕೋಡುಬಳೆ ತಿನ್ನಲಿಲ್ಲ ಎಂಬುದು ಮಗಳು ಕೇಳಿದಾಗಲೇ ನನ್ನ ಗಮನಕ್ಕೆ ಬಂದದ್ದು.

ನಾಯಿಯನ್ನು ಸುತ್ತಾಡಿಸಲು ಬರುವ ವೃದ್ಧೆಯೊಬ್ಬರು ಇದನ್ನೆಲ್ಲ ಪಕ್ಷಿಪ್ರೇಮವೆಂದು ತಿಳಿದು, ಪ್ರತಿದಿನ ಮೆಚ್ಚುಗೆಯಿಂದ ತಲೆದೂಗಿ ಹೋಗುತ್ತಿದ್ದರು. ನಿನ್ನೆ ನಿಂತು, "ನಿಮ್ಮ ಹಕ್ಕಿ ಇವತ್ತು ಬಂದಿಲ್ಲವೇ?" ಎಂದು ಕೇಳಿದರು. ಅದು ನನ್ನದಲ್ಲ ಎಂದು ಸ್ವಲ್ಪ ಒರಟಾಗಿಯೇ ಹೇಳಿದೆ. ಅವರು ಹೋದ ಮೇಲೂ, ಕಂಬಿ ಖಾಲಿಯಿದ್ದು ತಿನ್ನಲು ಯಾವ ಅಡ್ಡಿಯೂ ಇಲ್ಲದಿದ್ದರೂ, ಡಬ್ಬಿಯ ಮುಚ್ಚಳ ತೆಗೆಯದೆ ಅರ್ಧ ಗಂಟೆ ಕುಳಿತಿದ್ದೆ.