ಹಿಂಬದಿ ತೆಗೆದು ನೋಡಿ ಸ್ವಾಮಿ!

ಈಗಷ್ಟೇ ಒಬ್ಬ ಮಹಾನುಭಾವರ ವಿಡಿಯೊ ನೋಡಿದೆ. ಕೈಯಲ್ಲಿ ಮಾಮಿಯಾ ಸಿಕ್ಸ್, 1940ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಡಚುವ ಕ್ಯಾಮರಾ. ಬಿಚ್ಚಿದರು, ಮಡಚಿದರು, ನಾಲ್ಕು ಸಲ ಶಟರ್ ಒತ್ತಿದರು. ಕೊನೆಗೆ ತೀರ್ಪು: "ಇದು ಜರ್ಮನಿಯ ಸೂಪರ್ ಇಕೊಂಟಾದ ಕಾಪಿ." ನನ್ನ ಹಳೇ ಕ್ಯಾಮರಾ ಹುಚ್ಚು ನಿಮಗೆಲ್ಲ ಗೊತ್ತಲ್ಲ, ಸುಮ್ನೆ ಇರೋಕಾಗಲಿಲ್ಲ.

ಕಾಪಿಯಂತೆ ಕಾಪಿ! ಹಿಂಬದಿ ತೆಗೆದು ನೋಡಿದ್ದಾರಾ?

ಮಡಚುವ ಕ್ಯಾಮರಾದಲ್ಲಿ ರೇಂಜ್‌ಫೈಂಡರನ್ನು, ಅಂದರೆ ದೂರ ಅಳೆಯುವ ಸಾಧನವನ್ನು, ಫೋಕಸ್‌ಗೆ ಜೋಡಿಸೋದೇ ದೊಡ್ಡ ತಲೆನೋವು. ಲೆನ್ಸ್ ಇರೋದು ಮುಂದೆ, ತೆರೆದುಕೊಳ್ಳುವ ಬಾಗಿಲ ಮೇಲೆ. ರೇಂಜ್‌ಫೈಂಡರ್ ಇರೋದು ಹಿಂದೆ. ನಡುವೆ ಬೆಲೋಸ್, ಅಂದರೆ ಮಡಿಕೆ ಮಡಿಕೆಯಾದ ಚೀಲ. ಇಕೊಂಟಾ ಮಾಡಿದ ಝೈಸ್ ಐಕಾನ್ ಕಂಪನಿಯವರು ಲೆನ್ಸ್ ಪಕ್ಕ ಒಂದು ತೋಳು ನಿಲ್ಲಿಸಿ, ಅದರಲ್ಲಿ ತಿರುಗುವ ಗಾಜುಗಳನ್ನಿಟ್ಟು ದಾರಿ ಮಾಡಿಕೊಂಡರು. ಜಾಣತನವೇ, ಇಲ್ಲ ಅನ್ನಲ್ಲ. ಆದರೆ ಮಾಮಿಯಾ ಸಿಕ್ಸ್ ರೂಪಿಸಿದ ಸೆಯಿಚಿ ಮಾಮಿಯಾ ಆ ದಾರಿ ಹಿಡಿಯಲೇ ಇಲ್ಲ. ಲೆನ್ಸ್ ಯಾಕೆ ಅಲ್ಲಾಡಬೇಕು, ಫಿಲ್ಮೇ ಸರಿಯಲಿ ಅಂದರು.

ಕ್ಯಾಮರಾದ ಬೆನ್ನಿಗೆ ಒಂದು ಚಕ್ರವಿದೆ, ಅಂಚೆಲ್ಲ ಹಲ್ಲು ಹಲ್ಲು. ಹೆಬ್ಬೆರಳಲ್ಲಿ ತಿರುಗಿಸಿದರೆ ಒಳಗೆ ಫಿಲ್ಮ್ ಕೂರುವ ಚೌಕಟ್ಟೇ ಸರಿಯುತ್ತದೆ. ಹತ್ತಿರದ ಮುಖ ತೆಗೆಯೋದಾದರೆ ಫಿಲ್ಮ್ ಹಿಂದಕ್ಕೆ. ದೂರದ ಬೆಟ್ಟಕ್ಕೆ ಮುಂದಕ್ಕೆ. ಲೆನ್ಸ್ ಮಾತ್ರ ಇದ್ದಲ್ಲೇ ಗಟ್ಟಿ. ರೇಂಜ್‌ಫೈಂಡರ್ ಜೋಡಣೆಯೆಲ್ಲ ಕ್ಯಾಮರಾದ ಒಡಲಲ್ಲೇ ಮುಗಿಯಿತು, ಬೆಲೋಸ್ ದಾಟುವ ಗೋಜೇ ಇಲ್ಲ. ಇದನ್ನು ಯಾರಿಂದ ಕಾಪಿ ಹೊಡೆದರು? ವಿಡಿಯೊದವರು ಆ ಚಕ್ರವನ್ನು ಒಮ್ಮೆ ತಿರುಗಿಸಲೂ ಇಲ್ಲ!

"ಆಕಾರ ಜರ್ಮನ್ನರದ್ದೇ ಅಲ್ವಾ?" ಅಂತ ಯಾರಾದರೂ ಬರುತ್ತೀರಿ, ಗೊತ್ತು. ಹೌದಪ್ಪಾ, ಸೂಪರ್ ಇಕೊಂಟಾ 1934ರಲ್ಲೇ ಬಂದಿತ್ತು. ಹಾಗಂತ ಬೆಲೋಸ್ ಇರೋದೆಲ್ಲ ಅದರ ಕಾಪಿಯಾ? ಅಂದಹಾಗೆ, ಎಲ್ಲರೂ ಹೊಗಳುವ ಸೂಪರ್ ಇಕೊಂಟಾದ 530/16 ಮಾದರಿ, 12 ಚಿತ್ರ ಹಿಡಿಸುವ ರೋಲಿನಲ್ಲಿ 11 ಮಾತ್ರ ಕೊಡುತ್ತಿತ್ತು. ಆ ಬಗ್ಗೆ ಮಾತ್ರ ಗಪ್‌ಚುಪ್.

ಮಾಮಿಯಾದಲ್ಲಿ ಕುಂದಿಲ್ಲವಾ? ಇದೆ. ಫಿಲ್ಮನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಬಿಡಿ ತುಂಡು. ಫಿಲ್ಮ್ ಹಾಕುವಾಗ ಎಳೆದು ತೆಗೀಬೇಕು, ಮತ್ತೆ ತೂರಿಸಬೇಕು. ಎಲ್ಲೋ ಇಟ್ಟು ಮರೆತರೆ ಫೋಕಸ್ ಕಥೆ ಮುಗೀತು. ಹಳೇ ಮಾಲು ಮಾರುವ ಎಷ್ಟೋ ಜನ ಪ್ಲೇಟೇ ಇಲ್ಲದ ಕ್ಯಾಮರಾಕ್ಕೆ "ಉತ್ತಮ ಸ್ಥಿತಿ" ಅಂತ ಬರೆದಿರುತ್ತಾರೆ. ಅವರ ಪಾಪಕ್ಕೆ ಬೇರೆ ನರಕವೇ ಇರಬೇಕು.

ಇನ್ನೊಂದು ಹೇಳಿಬಿಡ್ತೀನಿ. ಒಂದನ್ನೇ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳೋದು ಇಕೊಂಟಾನೇ. ಅದರ ಟೆಸ್ಸಾರ್ ಲೆನ್ಸ್ ಮೇಲೆ ನನಗೆ ಮೋಹ. ಬೇಕಾದರೆ ನಗಿ. ಮೋಹ ಇದೆ ಅಂತ ಇನ್ನೊಬ್ಬರ ಬುದ್ಧಿಗೆ ಸಲ್ಲಬೇಕಾದ್ದನ್ನು ಕಿತ್ತುಕೊಳ್ಳೋಕಾಗುತ್ತಾ?

ಸಾಲದ್ದಕ್ಕೆ, ವಿಡಿಯೊದವರ ಪ್ರಕಾರ 1989ರ ಮಾಮಿಯಾ 6 ಇದೇ ಕ್ಯಾಮರಾದ ಹೊಸ ರೂಪವಂತೆ. ಅದರಲ್ಲಿ ಲೆನ್ಸನ್ನೇ ಬದಲಿಸಬಹುದು, ಫಿಲ್ಮ್ ಇದ್ದಲ್ಲಿಂದ ಕದಲಲ್ಲ. ಹೆಸರು ಒಂದೇ ಆದರೆ ವಂಶವೂ ಒಂದೇನಾ? ಅದಕ್ಕೆ ಇನ್ನೊಂದು ಪೋಸ್ಟ್ ಬರೀತೀನಿ, ತಡೀರಿ.